ಅಪ್ಪನ ಗಂಬೂಟಿಗೆ ಒಂದು ಜೊತೆ ಉಣ್ಣೆ ಕಾಲುಚೀಲ

ಕಾಫಿ ಕುಯ್ಲು ಶುರುವಾಯಿತು ಅಂದ್ರೆ ನಮ್ಮ ಮನೆಯಲ್ಲಿ ಮೊದಲು ಏಳೋದು ಅಪ್ಪ. ನಮ್ಮ ಚಿಕ್ಕಮಗಳೂರಿನ ಆಲ್ದೂರು ಕಡೆ ಡಿಸೆಂಬರ್ ಬೆಳಗಿನ ಚಳಿ ನೆಲದಿಂದಲೇ ಏರುತ್ತದೆ. ಆರು ಗಂಟೆಗೆಲ್ಲ ಗಂಬೂಟ್ ಹಾಕಿಕೊಂಡು ಕಣಕ್ಕೆ ಹೋಗುತ್ತಾರೆ. ಟಾರ್ಪಾಲಿನ ಮೇಲೆ ನಿಂತ ಇಬ್ಬನಿ ನೀರು ಬಳಿದು ಚೆಲ್ಲುತ್ತಾರೆ. ಬಿಸಿಲು ಬರೋ ಹೊತ್ತಿಗೆ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ) ಹರಡೋಕೆ ಎಲ್ಲ ಅಣಿಯಾಗಿರಬೇಕು. ವಾಪಸ್ ಬಂದು ಒಲೆ ಮುಂದೆ ಕೂತಾಗ ಅವರ ಪಾದ ಮುಟ್ಟಿದರೆ ಕೈ ಹಿಂದಕ್ಕೆ ಬರುತ್ತದೆ, ಅಷ್ಟು ತಣ್ಣಗೆ. ನೈಲಾನ್ ಸಾಕ್ಸಿನೊಳಗೆ ಬೆವರು ನಿಂತು, ಆ ಬೆವರೇ ತಣ್ಣಗಾಗಿ ಬೆರಳೆಲ್ಲ ಬೆಳ್ಳಗೆ ಸುಕ್ಕುಗಟ್ಟಿರುತ್ತವೆ.

ನಮ್ಮ ಅಜ್ಜ ಮಳೆಗಾಲ ಪೂರ್ತಿ ಕಂಬಳಿ ಕೊಪ್ಪೆಯಲ್ಲೇ ಗದ್ದೆ ಕೆಲಸ ಮಾಡಿದವರು. ಕಂಬಳಿ ನೆನೆದು ಭಾರವಾದರೂ ಒಳಗೆ ಬೆಚ್ಚಗೇ ಇರುತ್ತಿತ್ತು ಅಂತ ಅಪ್ಪ ಈಗಲೂ ಹೇಳುತ್ತಾರೆ. ಉಣ್ಣೆಯ ಗುಣವೇ ಅದು. ತನ್ನ ತೂಕದ ನೂರಕ್ಕೆ 30ರಷ್ಟು ತೇವ ಹೀರಿಕೊಂಡರೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ಹಾಗಾದರೆ ಅಪ್ಪನ ಕಾಲಿಗೂ ಉಣ್ಣೆಯೇ ಆಗಬೇಕು, ಅಲ್ವಾ? ಕಂಬಳಿ ನೂಲು ಬಹಳ ಒರಟು, ಕಾಲುಚೀಲಕ್ಕೆ ಬರುವುದಿಲ್ಲ. ಮೆತ್ತನೆ ಉಣ್ಣೆ ನೂಲು ತರಿಸಿ ನಾನೇ ಹೆಣೆಯೋಣ ಅಂತ ತೀರ್ಮಾನ ಮಾಡಿದೆ. ನನಗೆ ಬರುತ್ತಿದ್ದದ್ದು ಒಂದು ಮಫ್ಲರ್ ಹೆಣೆಯುವಷ್ಟು ಮಾತ್ರ. ಸೀದಾ ಮತ್ತು ಉಲ್ಟಾ, ಎರಡೇ ಹೆಣಿಗೆ. ನವೆಂಬರ್ 9ಕ್ಕೆ ಶುರು ಮಾಡಿದ್ದು, ಡಿಸೆಂಬರ್ 15ಕ್ಕೆ ಜೊತೆ ಮುಗಿಯಿತು. ಏನೇನು ಮಾಡಿದೆ, ಎಲ್ಲೆಲ್ಲಿ ಬಿಚ್ಚಿದೆ ಅನ್ನೋದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನೂಲು, ಕಡ್ಡಿ, ಅಳತೆ

ಚಿಕ್ಕಮಗಳೂರಿನಲ್ಲಿರುವ ದೊಡ್ಡಮ್ಮ ನಮ್ಮ ಮನೆತನದ ಮಕ್ಕಳಿಗೆಲ್ಲ ಸ್ವೆಟರ್ ಹೆಣೆದವರು. ಮೊದಲು ಅವರ ಹತ್ತಿರ ಹೋದೆ. ಹಳೇ ಬಿಸ್ಕತ್ತಿನ ಡಬ್ಬಿ ತೆಗೆದು ಕಡ್ಡಿಗಳನ್ನೆಲ್ಲ ಹಾಸಿಗೆ ಮೇಲೆ ಸುರಿದರು. "ಕಾಲುಚೀಲ ನಾನೂ ಮಾಡಿಲ್ಲ ಕಣೇ. ನಾಲ್ಕು ಕಡ್ಡಿ ಹಿಡಿಯೋದು ಹೇಗೆ ಅಂತ ನಂಗೊತ್ತಿಲ್ಲ. ಆದ್ರೆ ನೀನು ಓದಿ ಹೇಳು, ಕೈ ನಂದೂ ಇರ್ಲಿ" ಅಂದರು. ಆಮೇಲಿನ ಐದು ವಾರ ಅದು ಹಾಗೆಯೇ ನಡೆಯಿತು. ವಿಡಿಯೋ ನೋಡಿ ಲೆಕ್ಕ ಹೇಳೋದು ನಾನು, ನೂಲಿನ ಬಿಗಿ ನೋಡಿ ತಿದ್ದೋದು ಅವರು.

ಕಡ್ಡಿಯ ನಂಬರ್ ಬಗ್ಗೆ ಒಂದು ಮಾತು. ದೊಡ್ಡಮ್ಮನ ಕಡ್ಡಿಗಳ ಮೇಲಿರೋದು ಹಳೇ ಕ್ರಮದ ನಂಬರ್. ಅದರಲ್ಲಿ ನಂಬರ್ ಏರಿದಷ್ಟೂ ಕಡ್ಡಿ ತೆಳು. 8 ನಂಬರ್ ಅಂದ್ರೆ 4 ಮಿ.ಮೀ., 10 ಅಂದ್ರೆ 3.25, 13 ಅಂದ್ರೆ 2.25. ಕಾಲುಚೀಲಕ್ಕೆ 2.5 ಮಿ.ಮೀ. ಆಸುಪಾಸಿನದು ಬೇಕು. ಅದೂ ಎರಡೂ ತುದಿ ಚೂಪಾಗಿರಬೇಕು, ಐದು ಕಡ್ಡಿಯ ಸೆಟ್ ಆಗಿರಬೇಕು. ನಾಲ್ಕು ಕಡ್ಡಿ ಕುಣಿಕೆಗಳನ್ನು ಚೌಕವಾಗಿ ಹಿಡಿದಿರುತ್ತವೆ, ಐದನೆಯದರಲ್ಲಿ ಹೆಣೆಯೋದು. ನಾನು ಬಿದಿರಿನ ಸೆಟ್ ತರಿಸಿದೆ. ಸ್ಟೀಲ್ ಕಡ್ಡಿಯಲ್ಲಿ ಕುಣಿಕೆ ಸರಾಗವಾಗಿ ಓಡುತ್ತದೆ, ಅದಕ್ಕೇ ಹೊಸಬರ ಕೈಯಿಂದ ಸುಲಭವಾಗಿ ಜಾರುತ್ತದೆ. ಬಿದಿರು ಹಿಡಿದಿಟ್ಟುಕೊಳ್ಳುತ್ತದೆ. ಮೊದಲ ಜೊತೆಗೆ ಬಿದಿರೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ.

ನೂಲಿನ ವಿಷಯದಲ್ಲಿ ಮೊದಲು ಮೋಸ ಹೋದೆ. ಒಂದು ಅಂಗಡಿಯಲ್ಲಿ ಪೂರ್ತಿ ಉಣ್ಣೆ ಅಂತ ಹೇಳಿ ಕೊಟ್ಟ ಉಂಡೆಯನ್ನು ದೊಡ್ಡಮ್ಮ ಬೆರಳಲ್ಲಿ ತಿರುಗಿಸಿ ನೋಡಿ, "ಸುಟ್ಟು ನೋಡು" ಅಂದರು. ಎರಡು ಇಂಚು ನೂಲು ಕತ್ತರಿಸಿ, ತಟ್ಟೆಯ ಮೇಲೆ ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿದೆ. ಕರಗಿ, ತೊಟ್ಟಿಕ್ಕಿ, ಆರಿದ ಮೇಲೆ ಕರಿಮಣಿ ತರ ಗಟ್ಟಿ ಗಂಟಾಯಿತು. ಅದು ಅಕ್ರಿಲಿಕ್. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿಯಿಂದ ಆಚೆ ತೆಗೆದರೆ ತಾನೇ ಆರುತ್ತದೆ, ಉಳಿದದ್ದನ್ನು ಉಜ್ಜಿದರೆ ಪುಡಿ. ನಮ್ಮ ಪೇಟೆಗಳಲ್ಲಿ ಉಲ್ಲನ್ ಅಂತ ಸಿಗೋದರಲ್ಲಿ ಜಾಸ್ತಿ ಪಾಲು ಅಕ್ರಿಲಿಕ್ಕೇ. ಸ್ವೆಟರಿಗೆ ಅದು ನಡೆಯುತ್ತದೆ. ಗಂಬೂಟಿನೊಳಗೆ ಬೆವರು ಹೀರಬೇಕಾದ ಕಾಲುಚೀಲಕ್ಕೆ ಬೇಡ.

ಆಮೇಲೆ ಕಾಲುಚೀಲಕ್ಕೆಂದೇ ಮಾಡಿದ ನೂಲು ತರಿಸಿದೆ. 75 ಪಾಲು ಉಣ್ಣೆ, 25 ಪಾಲು ನೈಲಾನ್, 100 ಗ್ರಾಂ ಲಡಿ, 420 ಮೀಟರ್. ಈ 25 ಪಾಲು ನೈಲಾನ್ ಕಲಬೆರಕೆ ಅಲ್ಲ. ಬರೀ ಉಣ್ಣೆ ಹಿಮ್ಮಡಿಯಲ್ಲಿ ಬೇಗ ಸವೆಯುತ್ತದೆ, ನೈಲಾನ್ ಅದಕ್ಕೆ ತಡೆ. ಬಣ್ಣ ಕಾಫಿ ಹೂವಿನ ಬಿಳಿ ಚೆನ್ನಾಗಿತ್ತು, ಆದರೆ ಕಣದ ಕೆಲಸಕ್ಕೆ ಹಾಕೋದು ಅಲ್ವಾ, ಕಂದು ತೆಗೆದುಕೊಂಡೆ.

ಅಪ್ಪನ ಪಾದ ಅಳೆದದ್ದು ರಾತ್ರಿ ಊಟ ಆದ ಮೇಲೆ, ಟೈಲರ್ ಟೇಪಿನಲ್ಲಿ. ಪಾದದ ಉದ್ದ 10 ಇಂಚು. ಪಾದದ ಅಗಲವಾದ ಜಾಗದಲ್ಲಿ ಸುತ್ತಳತೆ 9 ಇಂಚು. ಹಿಮ್ಮಡಿಯ ತುದಿಯಿಂದ ಪಾದದ ಮೇಲ್ಭಾಗಕ್ಕೆ ಓರೆಯಾಗಿ ಸುತ್ತಿದರೆ 13 ಇಂಚು. ಈ ಮೂರನೇ ಅಳತೆ ಆಗ ಸುಮ್ನೆ ಬರೆದುಕೊಂಡಿದ್ದೆ. ಅದು ಎಷ್ಟು ಮುಖ್ಯ ಅಂತ ಒಂದು ವಾರದ ನಂತರ ಗೊತ್ತಾಯಿತು.

ಕಾಲುಚೀಲ ಪಾದಕ್ಕಿಂತ ಸುಮಾರು ಹತ್ತನೇ ಒಂದು ಭಾಗ ಚಿಕ್ಕದಿರಬೇಕು. ಎಳೆದುಕೊಂಡು ಕೂತರೇನೇ ಅದು ಜಾರುವುದಿಲ್ಲ. ಅಂದರೆ 9 ಇಂಚಿನ ಪಾದಕ್ಕೆ 8 ಇಂಚಿನ ಚೀಲ. ಮಾದರಿ ಹೆಣೆದು ನೋಡಿದೆ. 2.5 ಕಡ್ಡಿಯಲ್ಲಿ ನನ್ನ ಕೈಗೆ ಒಂದು ಇಂಚಿಗೆ 8 ಕುಣಿಕೆ, ಉದ್ದಕ್ಕೆ ಇಂಚಿಗೆ 11 ಸುತ್ತು ಬಂತು. ಎಂಟೆಂಟ್ಲಿ ಅರವತ್ತನಾಲ್ಕು. ಒಟ್ಟು 64 ಕುಣಿಕೆ, ಕಡ್ಡಿಗೆ 16. ಮಾದರಿಯನ್ನೂ ಸುತ್ತಾಗಿಯೇ ಹೆಣೆಯಬೇಕು. ಹೋಗಿ ಬರುವ ಸಾಲಿನಲ್ಲಿ ಉಲ್ಟಾ ಸಾಲು ನನ್ನ ಕೈಯಲ್ಲಿ ಸ್ವಲ್ಪ ಸಡಿಲ. ಸುತ್ತಿನಲ್ಲಿ ಉಲ್ಟಾ ಸಾಲೇ ಇರುವುದಿಲ್ಲ, ಅದಕ್ಕೇ ಲೆಕ್ಕ ಬೇರೆ ಬರುತ್ತದೆ.

ಮೂರು ಸಲ ಶುರು

ಮೊದಲ ಸಲ 64 ಕುಣಿಕೆ ಹಾಕಿ, ನಾಲ್ಕು ಕಡ್ಡಿಗೆ ಹಂಚಿ, ಸುತ್ತು ಕೂಡಿಸಿ ಹೆಣೆದೆ. ಆರು ಸುತ್ತು ಆದ ಮೇಲೆ ನೋಡಿದರೆ ಬುಡದ ಅಂಚು ಒಂದು ಕಡೆ ಕಡ್ಡಿಯ ಮೇಲಿಂದ ಹಾದು ತಿರುಚಿಕೊಂಡಿತ್ತು. ಇದನ್ನು ಮುಂದೆ ಸರಿ ಮಾಡೋಕೆ ಆಗುವುದೇ ಇಲ್ಲ, ಪೂರ್ತಿ ಬಿಚ್ಚಲೇಬೇಕು. ಎರಡನೇ ಸಲ ಕಡ್ಡಿಗಳನ್ನು ಮೇಜಿನ ಮೇಲೆ ಚೌಕವಾಗಿ ಮಲಗಿಸಿದೆ. ಅಂಚೆಲ್ಲ ಒಳಮುಖವಾಗಿದೆಯಾ ಅಂತ ಬೆರಳಾಡಿಸಿ ನೋಡಿ ಆಮೇಲೆ ಕೂಡಿಸಿದೆ. ಒಂದು ನಿಮಿಷದ ಕೆಲಸ. ಮುಂದೆ ಆ ತಪ್ಪು ಮತ್ತೆ ಆಗಲಿಲ್ಲ.

ಎರಡು ಸೀದಾ, ಎರಡು ಉಲ್ಟಾ ಹೀಗೆ ಒಂದೂವರೆ ಇಂಚು ರಿಬ್ (ಹಿಗ್ಗಿ ಕುಗ್ಗುವ ಹೆಣಿಗೆ), ಆಮೇಲೆ ಬರೀ ಸೀದಾ. ಮೂರು ಇಂಚು ಆದಾಗ ಅಪ್ಪನ ಕಾಲಿಗೆ ಹಾಕಿ ನೋಡೋಣ ಅಂತ ಕುಣಿಕೆಗಳನ್ನು ದಾರಕ್ಕೆ ಇಳಿಸಿ ಕೊಟ್ಟೆ. ಬೆರಳು ದಾಟಿತು, ಪಾದದ ನಡುವೆ ಬಂತು, ಹಿಮ್ಮಡಿ ಹತ್ತಿರ ನಿಂತುಬಿಟ್ಟಿತು. ಅಪ್ಪ ಎಳೆದರು, ಬರಲಿಲ್ಲ. ರಿಬ್ ಹಿಗ್ಗುತ್ತಿತ್ತು, ಆದರೆ ಬುಡದಲ್ಲಿ ಕುಣಿಕೆ ಹಾಕಿದ ಮೊದಲ ಸಾಲು ಕಬ್ಬಿಣದ ತಂತಿ ತರ ಬಿಗಿದಿತ್ತು. ಆಗ 13 ಇಂಚಿನ ಅರ್ಥ ಆಯಿತು. ಕಾಲುಚೀಲದ ಬಾಯಿ ನಿಲ್ಲೋದು ಕಣಕಾಲಿನ ಮೇಲೆ. ಆದರೆ ಅಲ್ಲಿಗೆ ತಲುಪಬೇಕಾದರೆ 13 ಇಂಚಿನ ಹಿಮ್ಮಡಿ ದಾಟಬೇಕು.

ದೊಡ್ಡಮ್ಮ ಒಂದೇ ಮಾತಲ್ಲಿ ದಾರಿ ತೋರಿಸಿದರು. "ಕುಣಿಕೆ ಕುಣಿಕೆ ನಡುವೆ ಒಂದು ಅಕ್ಕಿಕಾಳಿನಷ್ಟು ಜಾಗ ಬಿಟ್ಟು ಹಾಕು." ಕುಣಿಕೆಯನ್ನೇ ಸಡಿಲ ಮಾಡಿದರೆ ಅಂಚು ಜೋಲುತ್ತದೆ. ನಡುವಿನ ನೂಲು ಉದ್ದ ಬಿಟ್ಟರೆ ಅಂಚು ಹಿಗ್ಗುತ್ತದೆ, ಬಿಟ್ಟಾಗ ಮತ್ತೆ ಕೂಡಿಕೊಳ್ಳುತ್ತದೆ. ಮೂರನೇ ಶುರು ಹಾಗೆ. ಈ ಸಲ ರಿಬ್ ಮುಗಿದ ತಕ್ಷಣವೇ ಹಾಕಿ ನೋಡಿದೆವು. ಸಲೀಸಾಗಿ ಹೋಯಿತು.

ಸುತ್ತು ಲೆಕ್ಕ ಇಡೋಕೆ ಎರಡು ಲೋಟ ಇಟ್ಟುಕೊಂಡಿದ್ದೆ. ಒಂದು ಸುತ್ತು ಮುಗಿದರೆ ಒಂದು ಕಾಫಿ ಬೀಜ ಈ ಲೋಟದಿಂದ ಆ ಲೋಟಕ್ಕೆ. ಮಾತಾಡುತ್ತಾ ಹೆಣೆದರೂ ಲೆಕ್ಕ ತಪ್ಪುವುದಿಲ್ಲ. ಬಸ್ಸಿನಲ್ಲಿ ಮಾತ್ರ ಇದು ಆಗದು. ಚಿಕ್ಕಮಗಳೂರಿಗೆ ಕೆಲಸಕ್ಕೆ ಹೋಗಿ ಬರುವಾಗ ಮೊದಲ ವಾರ ಬಸ್ಸಲ್ಲೂ ಹೆಣೆದೆ. ತಿರುವಿನಲ್ಲಿ ವಾಲಿದಾಗ ಒಂದು ಕಡ್ಡಿ ಪೂರ್ತಿ ಹೊರಗೆ ಬಂದು 16 ಕುಣಿಕೆ ಗಾಳಿಯಲ್ಲಿ ನಿಂತವು. ಆಮೇಲೆ ಬಸ್ಸಿಗೆ ತೆಗೆದುಕೊಂಡು ಹೋಗಲಿಲ್ಲ.

ಒಂದು ಕಡ್ಡಿ ಮುಗಿದು ಇನ್ನೊಂದು ಶುರುವಾಗೋ ಜಾಗದಲ್ಲಿ ಏಣಿ ತರ ಸಂದು ಬೀಳುತ್ತಿತ್ತು. ಮೊದಲ ಕುಣಿಕೆಯನ್ನು ಎಷ್ಟು ಬಿಗಿ ಎಳೆದರೂ ಹೋಗಲಿಲ್ಲ. ಎರಡನೇ ಕುಣಿಕೆ ಹೆಣೆದ ಮೇಲೆ ಎಳೆದರೆ ಹೋಯಿತು. ಹೆಣೆಯೋ ಕಡ್ಡಿ ಒಳಗೆ ಬಂದು ಕೂತ ನಂತರ ಎಳೆತ ನೇರವಾಗಿ ಸಂದಿಗೆ ತಲುಪುತ್ತದೆ, ಅದಕ್ಕೆ. ಉಳಿದ ಸಣ್ಣಪುಟ್ಟ ಸಂದು ತೊಳೆದ ಮೇಲೆ ತಾನೇ ಮುಚ್ಚಿಕೊಂಡಿತು.

ಮುರಿದ ಕಡ್ಡಿ

ನವೆಂಬರ್ 20. ಕುರ್ಚಿಯ ಮೇಲಿಟ್ಟಿದ್ದ ಬುಟ್ಟಿಯ ಮೇಲೆ ಯಾರೋ ಕೂತರು, ಒಂದು ಕಡ್ಡಿ ಎರಡು ತುಂಡಾಯಿತು. ಒಂದೇ ಕಡ್ಡಿ ಬಿಡಿಯಾಗಿ ಸಿಗುವುದಿಲ್ಲ. ಹೊಸ ಸೆಟ್ ಬರೋಕೆ ಒಂದು ವಾರ ಬೇಕು.

ಅಪ್ಪ ಮುರಿದ ತುಂಡನ್ನು ಬೆರಳ ನಡುವೆ ಉರುಳಿಸಿ ನೋಡಿದರು. ಏನೂ ಹೇಳದೆ ಅಟ್ಟ ಹತ್ತಿ, ಹಳೇ ದೋಟಿಯ ಒಂದು ಗೆಣ್ಣು ಇಳಿಸಿಕೊಂಡು ಬಂದರು. ವರ್ಷಗಟ್ಟಲೆ ಒಲೆಯ ಹೊಗೆ ಕುಡಿದ ಬಿದಿರು, ಜೇನಿನ ಬಣ್ಣಕ್ಕೆ ತಿರುಗಿತ್ತು. ಕತ್ತಿಯಿಂದ ಸೀಳಿ, ಹೊರ ಸಿಪ್ಪೆಯ ಕಡೆಯ ಒಂದು ಎಸಳು ತೆಗೆದರು. ಬಿದಿರಿನ ನಾರು ಗಟ್ಟಿ ಇರೋದು ಹೊರಗಡೆ, ಒಳಗಿನದು ಮೆದು. ಆಮೇಲೆ ಒಂದು ಅಲ್ಯುಮಿನಿಯಂ ಪಟ್ಟಿಗೆ ಡ್ರಿಲ್ಲಿನಲ್ಲಿ ನಾಲ್ಕು ತೂತು ಕೊರೆದರು. 4, 3.5, 3, 2.5 ಮಿ.ಮೀ. ಬಿದಿರಿನ ತುದಿ ಚೂಪು ಮಾಡಿ ಮೊದಲ ತೂತಿಗೆ ತೂರಿಸಿ, ಆ ಕಡೆಯಿಂದ ಇಕ್ಕಳದಲ್ಲಿ ಹಿಡಿದು ಎಳೆದರು. ತೂತಿನ ಅಂಚು ಜಾಸ್ತಿ ಇದ್ದದ್ದನ್ನು ಕೆರೆದು ಹಾಕಿತು. ಕಿರ್ರನೆ ಸದ್ದು, ಪಟ್ಟಿಯ ಈಚೆ ಕಡೆ ಬಿದಿರಿನ ಸಣ್ಣ ಸುರುಳಿಗಳು ರಾಶಿ ಬಿದ್ದವು. ಹಾಗೆಯೇ ಒಂದೊಂದಾಗಿ ಚಿಕ್ಕ ತೂತಿಗೆ. ಮೂರನೇ ತೂತಿನಲ್ಲಿ ಎರಡು ಎಸಳು ಮುರಿದವು. ನಾರು ಓರೆಯಾಗಿದ್ದವು ಅವು. ಮೂರನೇ ಎಸಳು 2.5ರ ತೂತಿನಿಂದ ಆಚೆ ಬಂದಾಗ ಸಂಜೆ ಏಳೂವರೆ.

ಎಂಟು ಇಂಚಿಗೆ ಕತ್ತರಿಸಿ, ಎರಡು ತುದಿಯನ್ನೂ ಪೆನ್ಸಿಲ್ ತರ ಕೆತ್ತಿದೆವು. ಆಮೇಲೆ ಸ್ಯಾಂಡ್ ಪೇಪರ್. ಮೊದಲು 220 ನಂಬರಿನ ಒರಟು ಹಾಳೆ, ಆಮೇಲೆ 400ರ ನಯ ಹಾಳೆ. ಉಜ್ಜೋದು ನಾರಿನ ಉದ್ದಕ್ಕೆ ಮಾತ್ರ. ಅಡ್ಡ ಉಜ್ಜಿದರೆ ನವಿರು ಎದ್ದು ನೂಲಿಗೆ ಸಿಕ್ಕಿಕೊಳ್ಳುತ್ತದೆ. ಕೊನೆಗೆ ಮೇಣದಬತ್ತಿ ಸವರಿ ಹತ್ತಿ ಬಟ್ಟೆಯಲ್ಲಿ ಬಿಸಿಯಾಗುವ ತನಕ ತಿಕ್ಕಿದೆವು. ಅಂಗಡಿಯ ನಾಲ್ಕು ಕಡ್ಡಿ ನಸುಹಳದಿ, ಅಪ್ಪನದು ಕಂದು. ಅದನ್ನೇ ಸುತ್ತಿನ ಶುರುವಿನ ಗುರುತು ಮಾಡಿಕೊಂಡೆ. ಅದು ಕೈಗೆ ಬಂದರೆ ಒಂದು ಬೀಜ ಆ ಲೋಟಕ್ಕೆ.

ಹಿಮ್ಮಡಿ

ಕಾಲಿನ ಭಾಗ ಆರು ಇಂಚು ಆಯಿತು. ಇನ್ನು ಹಿಮ್ಮಡಿ. ಕಾಲುಚೀಲದ ಅಸಲಿ ಕೆಲಸ ಇರೋದು ಇಲ್ಲೇ. ಉಳಿದದ್ದೆಲ್ಲ ಸುತ್ತೋ ಕೊಳವೆ. ಕೊಳವೆಯನ್ನು ಹೊಲಿಗೆ ಹಾಕದೆ, ಕತ್ತರಿಸದೆ ಬಗ್ಗಿಸಬೇಕು.

ಮೊದಲು ಹಿಮ್ಮಡಿಯ ಪಟ್ಟಿ. 64ರಲ್ಲಿ ಅರ್ಧ, 32 ಕುಣಿಕೆಯನ್ನು ಮಾತ್ರ ತೆಗೆದುಕೊಂಡು ಮಫ್ಲರ್ ತರ ಹೋಗಿ ಬಂದು 32 ಸಾಲು. ಸೀದಾ ಬದಿಯಲ್ಲಿ ಒಂದು ಕುಣಿಕೆಯನ್ನು ಹೆಣೆಯದೆ ಸುಮ್ನೆ ದಾಟಿಸಬೇಕು, ಮುಂದಿನದನ್ನು ಹೆಣೆಯಬೇಕು. ಹೀಗೆ ಸಾಲಿನ ಕೊನೆ ತನಕ. ದಾಟಿಸಿದ ಕುಣಿಕೆಯ ಹಿಂದೆ ನೂಲು ಅಡ್ಡ ಓಡುತ್ತದೆ. ಹಾಗಾಗಿ ಬಟ್ಟೆ ಎರಡು ಪದರದಷ್ಟು ದಪ್ಪ ಬರುತ್ತದೆ. ಗಂಬೂಟಿನ ಹಿಂಬದಿ ಉಜ್ಜೋದು ಸರಿಯಾಗಿ ಅಲ್ಲೇ. ಉಲ್ಟಾ ಬದಿಯಲ್ಲಿ ಮೊದಲನೆಯದನ್ನು ದಾಟಿಸಿ ಉಳಿದದ್ದೆಲ್ಲ ಉಲ್ಟಾ. ಎರಡೂ ಅಂಚಿನಲ್ಲಿ ಸರಪಳಿ ತರ 16 ದೊಡ್ಡ ಕೊಂಡಿ ಸಾಲಾಗಿ ನಿಲ್ಲುತ್ತವೆ. ಅವು ಆಮೇಲೆ ಬೇಕು.

ಮುಂದೆ ಹೋಗೋ ಮುಂಚೆ ಒಂದು ಕೆಲಸ ಮಾಡಿದ್ದೆ. ಸೂಜಿಗೆ ಬಿಳಿ ಹೊಲಿಗೆ ದಾರ ಪೋಣಿಸಿ, 32 ಕುಣಿಕೆಯೊಳಗೂ ಹಾಯಿಸಿ ಬಿಟ್ಟಿದ್ದೆ. ಏನಾದರೂ ತಪ್ಪಿದರೆ ಕಡ್ಡಿ ತೆಗೆದು ಎಳೆದರೆ ಬಿಚ್ಚಿಕೊಂಡು ಬಂದು ಆ ದಾರದ ಹತ್ತಿರ ನಿಲ್ಲುತ್ತದೆ. ಹೊಸಬರಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಈಗ ತಿರುವು. 32ರಲ್ಲಿ 18 ಸೀದಾ ಹೆಣೆದು, ಮುಂದಿನ ಎರಡನ್ನು ಎಡಕ್ಕೆ ವಾಲುವ ಹಾಗೆ (ಹೇಗೆ ಅಂತ ಮುಂದೆ ಹೇಳಿದ್ದೇನೆ) ಒಂದು ಮಾಡಿ, ಇನ್ನೊಂದು ಹೆಣೆದು, ಅಲ್ಲೇ ತಿರುಗಿಸಿಬಿಡಬೇಕು. ಎಡಗಡೆ ಇನ್ನೂ 11 ಕುಣಿಕೆ ಹಾಗೇ ಉಳಿದಿರುತ್ತವೆ. ನಾನು ಓದಿ ಹೇಳಿದಾಗ ದೊಡ್ಡಮ್ಮ ಒಪ್ಪಲಿಲ್ಲ. "ಸಾಲು ಮುಗಿಸದೇ ತಿರುಗಿಸ್ತಾರೇನೇ? ತೂತು ಬೀಳುತ್ತೆ." ತೂತು ಬೀಳೋದು ನಿಜ. ಮುಂದಿನ ಸಾಲು ಆ ತೂತನ್ನು ಮುಚ್ಚುತ್ತದೆ. ತಿರುಗಿಸಿ, ಒಂದು ದಾಟಿಸಿ, 5 ಉಲ್ಟಾ, ಎರಡನ್ನು ಕೂಡಿಸಿ ಉಲ್ಟಾ, ಇನ್ನೊಂದು ಉಲ್ಟಾ, ಮತ್ತೆ ತಿರುವು. ಈ ಕಡೆಯೂ 11 ಉಳಿಯುತ್ತವೆ. ಈಗ ನಡುವೆ ಸಣ್ಣ ದಿಬ್ಬ, ಎರಡೂ ಕಡೆ ಕಾಯುತ್ತಾ ನಿಂತ ಕುಣಿಕೆಗಳು. ಇಲ್ಲಿಂದ ಪ್ರತಿ ಸಾಲೂ ಒಂದೊಂದು ಕುಣಿಕೆ ಉದ್ದ ಆಗುತ್ತಾ ಹೋಗುತ್ತದೆ. ಸಂದಿನ ಈಚೆ ಒಂದು, ಆಚೆ ಒಂದು, ಎರಡನ್ನೂ ಕೂಡಿಸಿದಾಗ ಸಂದು ಮುಚ್ಚುತ್ತದೆ. ಇನ್ನೊಂದು ಹೆಣೆದು ತಿರುಗಿದಾಗ ಹೊಸ ಸಂದು. ಕೊನೆಯ ಎರಡು ಸಾಲಿನಲ್ಲಿ ಕೂಡಿಸಿದ ಮೇಲೆ ಹೆಣೆಯೋಕೆ ಒಂದೂ ಉಳಿದಿರುವುದಿಲ್ಲ. ಅದು ತಪ್ಪಲ್ಲ, ಲೆಕ್ಕ ಇರೋದೇ ಹಾಗೆ. ಎರಡೂ ಕಡೆ ಏಳೇಳು ಕಡಿಮೆ ಆಗಿ 32 ಇದ್ದದ್ದು 18 ಆಗುತ್ತದೆ.

ನನಗೆ ಮೊದಲ ಸಲ 17 ಬಂತು. ಒಂದು ಕಡೆ ಸಂದು ಗುರುತಿಸದೆ ತಪ್ಪು ಜಾಗದಲ್ಲಿ ಕೂಡಿಸಿದ್ದೆ. ಬಿಳಿ ದಾರದ ತನಕ ಬಿಚ್ಚಿ ಮತ್ತೆ ಮಾಡಿದೆ. ಎರಡನೇ ಸಲ ಕೂಡಿಸೋ ಮುಂಚೆ ಪ್ರತಿ ಸಾರಿ ಕೈ ಹಿಡಿದು ಹಿಗ್ಗಿಸಿ ಸಂದು ನೋಡಿಕೊಂಡೆ. 18 ಬಂತು.

ಭಾನುವಾರ ಮಧ್ಯಾಹ್ನ, ಹಿತ್ತಲ ಕಡೆಯ ಬೆಳಕಿನಲ್ಲಿ ಅದನ್ನು ಕಡ್ಡಿ ಸಮೇತ ದೊಡ್ಡಮ್ಮನ ಅಂಗೈಗೆ ಇಟ್ಟೆ. ಚಪ್ಪಟೆ ಪಟ್ಟಿಯ ತುದಿ ಬಗ್ಗಿ ಬಟ್ಟಲಾಗಿತ್ತು. ಅವರು ಹೆಬ್ಬೆರಳು ಒಳಗಿಟ್ಟು ನೋಡಿದರು. "ಮುತ್ತುಗದ ದೊನ್ನೆ ಕಣೇ ಇದು" ಅಂದರು. ದೊನ್ನೆಗಾದರೂ ಎಲೆ ಮಡಿಚಿ ಕಡ್ಡಿ ಚುಚ್ಚಬೇಕು. ಇಲ್ಲಿ ಮಡಿಕೆಯೂ ಇಲ್ಲ, ಗಂಟೂ ಇಲ್ಲ. ನಡುವಿನ ಕುಣಿಕೆಗಳನ್ನು ಅಂಚಿನವಕ್ಕಿಂತ ಜಾಸ್ತಿ ಸಲ ಹೆಣೆದಿದ್ದೇವೆ, ಅದಕ್ಕೇ ನಡುವೆ ಬಟ್ಟೆ ಹೆಚ್ಚಾಗಿ ಉಬ್ಬಿದೆ, ಅಷ್ಟೇ. ಇದು ತಲೆಗೆ ಹೋದ ಮೇಲೆ ಸಾಲುಗಳನ್ನು ಬಾಯಿಪಾಠ ಮಾಡಬೇಕಾಗಲಿಲ್ಲ. ಮುಂದೇನು ಅಂತ ಬಟ್ಟೆ ನೋಡಿದರೆ ಗೊತ್ತಾಗುತ್ತದೆ. ದೊಡ್ಡಮ್ಮ ಅದನ್ನು ಇನ್ನೂ ಸ್ವಲ್ಪ ಹೊತ್ತು ಕೈಯಲ್ಲೇ ಇಟ್ಟುಕೊಂಡಿದ್ದರು. ಇಷ್ಟು ವರ್ಷ ಕಡ್ಡಿ ಹಿಡಿದವರಿಗೆ ಹೊಸದೊಂದು ಸಿಕ್ಕಿದ ಖುಷಿ ಅವರ ಮುಖದಲ್ಲಿ ಕಾಣುತ್ತಿತ್ತು.

ಆಮೇಲೆ ಪಟ್ಟಿಯ ಅಂಚಿನ ಸರಪಳಿಯಿಂದ ಒಂದೊಂದು ಕಡೆ 16 ಕುಣಿಕೆ ಎತ್ತಿಕೊಳ್ಳಬೇಕು. ಮೂಲೆಯಲ್ಲಿ ಒಂದು ತೂತು ಬೀಳುತ್ತದೆ. ಅಲ್ಲಿ ಹದಿನೇಳನೆಯದನ್ನು ಎತ್ತಿ ತಿರುಚಿ ಹೆಣೆದರೆ ಮುಚ್ಚುತ್ತದೆ. ಈಗ 18, 17, 17, ಮೇಲ್ಭಾಗದಲ್ಲಿ ಕಾಯುತ್ತಿದ್ದ 32, ಒಟ್ಟು 84. ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಎರಡು ಕಡಿಮೆ ಮಾಡುತ್ತಾ 20 ಸುತ್ತಿನಲ್ಲಿ ಮತ್ತೆ 64ಕ್ಕೆ ಇಳಿಸಿದೆ. ಪಾದದ ಎರಡು ಪಕ್ಕದಲ್ಲೂ ಓರೆ ಗೆರೆ ಮೂಡುತ್ತದೆ. ಬಲಕ್ಕೆ ವಾಲಬೇಕಾದರೆ ಎರಡನ್ನು ಒಟ್ಟಿಗೆ ಸೀದಾ ಹೆಣೆಯೋದು. ಎಡಕ್ಕೆ ವಾಲಬೇಕಾದರೆ ಎರಡನ್ನೂ ಒಂದೊಂದಾಗಿ ದಾಟಿಸಿ, ಎಡಗಡ್ಡಿಯನ್ನು ಮುಂದಿನಿಂದ ತೂರಿಸಿ ಒಟ್ಟಿಗೆ ಹೆಣೆಯೋದು. ಇವೆರಡನ್ನು ಅದಲು ಬದಲು ಮಾಡಿದರೆ ಚೀಲ ಹರಿಯುವುದಿಲ್ಲ, ಆದರೆ ಗೆರೆ ಹಲ್ಲು ಹಲ್ಲಾಗಿ ಕಾಣುತ್ತದೆ.

ಪಾದ ಬರೀ ಸುತ್ತು. ಹೇಳೋಕೇನಿಲ್ಲ. ರಾತ್ರಿ ಎಲ್ಲರೂ ಒಲೆ ಹತ್ತಿರ ಕೂತಿದ್ದಾಗ ಹೆಣೆದು ಮುಗಿಸಿದೆ.

ಬೆರಳ ತುದಿ

ಅಪ್ಪನ ಪಾದ 10 ಇಂಚು. ಚೀಲ ಅರ್ಧ ಇಂಚು ಚಿಕ್ಕದಿರಲಿ ಅಂತ 9.5. ತುದಿಯ ಇಳಿಕೆಗೆ 20 ಸುತ್ತು ಬೇಕು, ಅಂದರೆ ಸುಮಾರು 1.8 ಇಂಚು. ಹಾಗಾಗಿ ಹಿಮ್ಮಡಿಯಿಂದ 7.7 ಇಂಚಿಗೆ ತುದಿ ಶುರು. ಮೇಲೆ 32, ಕೆಳಗೆ 32. ಎರಡೂ ಪಕ್ಕದಲ್ಲಿ ಕಡಿಮೆ ಮಾಡಿದರೆ ಸುತ್ತಿಗೆ 4 ಇಳಿಯುತ್ತದೆ. ಒಂದು ಸುತ್ತು ಬಿಟ್ಟು ಒಂದು ಸುತ್ತು ಹೀಗೆ 32ರ ತನಕ, ಆಮೇಲೆ ಪ್ರತಿ ಸುತ್ತೂ, 16 ಉಳಿಯುವ ತನಕ.

ಉಳಿದ 16ನ್ನು ಎರಡು ಕಡ್ಡಿಗೆ ಎಂಟೆಂಟು ಹಂಚಿ, ದಬ್ಬಳದಂಥ ಮೊಂಡು ಸೂಜಿಯಲ್ಲಿ ಎರಡೂ ಕಡೆಯನ್ನು ಬೆಸೆಯಬೇಕು. ಇದಕ್ಕೆ ಕಿಚನರ್ ಹೊಲಿಗೆ ಅನ್ನುತ್ತಾರೆ. ಸೂಜಿ ಹೆಣಿಗೆಯ ದಾರಿಯನ್ನೇ ಹಿಡಿದು ಹೋಗುತ್ತದೆ, ಹಾಗಾಗಿ ಹೊಲಿಗೆಯ ಏರು ಇರುವುದಿಲ್ಲ. ಬೆರಳಿಗೆ ಒತ್ತುವುದಿಲ್ಲ. ಮೊದಲು ಮುಂದಿನ ಕಡ್ಡಿಯ ಕುಣಿಕೆಗೆ ಉಲ್ಟಾ ತರ ಸೂಜಿ ಹಾಕಿ ಕಡ್ಡಿಯಲ್ಲೇ ಬಿಡೋದು, ಹಿಂದಿನದಕ್ಕೆ ಸೀದಾ ತರ ಹಾಕಿ ಕಡ್ಡಿಯಲ್ಲೇ ಬಿಡೋದು. ಆಮೇಲೆ ಒಂದೇ ಪಾಠ. ದೊಡ್ಡಮ್ಮ ರಾಗವಾಗಿ ಹೇಳುತ್ತಾ ಹೋದರು, ನಾನು ಹೊಲಿಯುತ್ತಾ ಹೋದೆ. "ಮುಂದೆ ಸೀದಾ ತೆಗಿ, ಉಲ್ಟಾ ಬಿಡು. ಹಿಂದೆ ಉಲ್ಟಾ ತೆಗಿ, ಸೀದಾ ಬಿಡು." ತೆಗಿ ಅಂದರೆ ಕುಣಿಕೆಯನ್ನು ಕಡ್ಡಿಯಿಂದ ಇಳಿಸೋದು, ಬಿಡು ಅಂದರೆ ಕಡ್ಡಿಯಲ್ಲೇ ಇರಿಸೋದು. ನಡುವೆ ಫೋನ್ ಬಂದರೂ ಎತ್ತಬಾರದು. ಎಂಟು ಜೋಡಿ ಮುಗಿಸಿ, ಸೂಜಿಯ ತುದಿಯಿಂದ ನೂಲನ್ನು ಒಂದೊಂದು ಕುಣಿಕೆಯಾಗಿ ಹದಕ್ಕೆ ಎಳೆದಾಗ ಬೆಸೆದ ಜಾಗ ಎಲ್ಲಿ ಅಂತ ಹುಡುಕಬೇಕಾಯಿತು.

ಡಿಸೆಂಬರ್ 1ಕ್ಕೆ ಮೊದಲನೆಯದು ಮುಗಿಯಿತು. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ 38 ಗ್ರಾಂ. ಉಂಡೆಯಲ್ಲಿ 62 ಇತ್ತು, ಇನ್ನೊಂದಕ್ಕೆ ಸಾಲುತ್ತದೆ ಅಂತ ಸಮಾಧಾನ. ಲೆಕ್ಕ ಹಾಕಿದೆ, ಒಂದು ಚೀಲಕ್ಕೆ ಹತ್ತಿರ ಹತ್ತಿರ 11 ಸಾವಿರ ಕುಣಿಕೆ.

ಎರಡನೆಯದನ್ನು ಮರುದಿನವೇ ಶುರು ಮಾಡಿದೆ. ಒಂದು ಮುಗಿದ ಖುಷಿಯಲ್ಲಿ ಕಡ್ಡಿ ಒಳಗಿಟ್ಟರೆ ಎಷ್ಟೋ ಜನರದ್ದು ಒಂಟಿ ಚೀಲವಾಗಿ ಉಳಿದುಬಿಡುತ್ತದೆ. ಸುತ್ತುಗಳ ಲೆಕ್ಕ ಬರೆದಿಟ್ಟದ್ದು ಇಲ್ಲಿ ಉಪಯೋಗಕ್ಕೆ ಬಂತು. ಇಂಚಿನಲ್ಲಿ ಅಳೆದರೆ ಎಳೆತಕ್ಕೆ ತಕ್ಕ ಹಾಗೆ ಹೆಚ್ಚು ಕಮ್ಮಿ ಆಗುತ್ತದೆ, ಸುತ್ತು ಎಣಿಸಿದರೆ ಎರಡೂ ಒಂದೇ. ಎರಡನೆಯದರಲ್ಲಿ ಎಲ್ಲೂ ಬಿಚ್ಚಲಿಲ್ಲ. ಎರಡು ವಾರಕ್ಕೆ ಮುಗಿಯಿತು. ಪಕ್ಕಪಕ್ಕ ಇಟ್ಟರೆ ಮೊದಲನೆಯದು ಸ್ವಲ್ಪ ಬಿಗಿ. ಕಡ್ಡಿ ಬದಲಾಗಿರಲಿಲ್ಲ, ನನ್ನ ಕೈ ಹದಕ್ಕೆ ಬಂದಿತ್ತು.

ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಶಾಂಪೂ ಹಾಕಿ ಅರ್ಧ ಗಂಟೆ ನೆನೆಸಿದೆ. ಹಿಂಡಲಿಲ್ಲ. ಟವೆಲಿನಲ್ಲಿ ಸುತ್ತಿ ಮೇಲೆ ನಿಂತು ನೀರು ತೆಗೆದು, ನೆರಳಲ್ಲಿ ಒಣಗಿಸಿದೆ. ಉಣ್ಣೆಯನ್ನು ಬಿಸಿನೀರಿನಲ್ಲಿ ಉಜ್ಜಿದರೆ ಕುಗ್ಗಿ ಕಂಬಳಿ ತರ ಗಟ್ಟಿ ಆಗುತ್ತದೆ. ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟಿದ್ದೇನೆ, ಅದು ವಾಷಿಂಗ್ ಮೆಷಿನ್ನಿಗೆ ಹೋಗಬಾರದು ಅಂತ.

ಅಪ್ಪ ಮೊದಲ ದಿನ ಹಾಕಿಕೊಂಡು ಕಣಕ್ಕೆ ಹೋಗಿ ಬಂದು ಗಂಬೂಟ್ ಬಿಚ್ಚಿದರು. ನಾನು ಪಾದ ಮುಟ್ಟಿ ನೋಡಿದೆ. ಬೆಚ್ಚಗಿತ್ತು. ಚೀಲದ ಹೊರಗಡೆ ಸ್ವಲ್ಪ ತೇವ, ಒಳಗೆ ಬೆರಳುಗಳು ಒಣಗಿದ್ದವು. "ಮಧ್ಯಾಹ್ನ ಚಪ್ಪಲಿಗೂ ಹಾಕ್ಕೊಳ್ಳೋ ಹಾಗಿದ್ರೆ ಚೆನ್ನಾಗಿತ್ತು" ಅಂದರು. ಹೆಬ್ಬೆರಳ ಸಂದಿಗೆ ಪಟ್ಟಿ ಬರೋ ಚಪ್ಪಲಿ ಅವರದು. ಅದೇನೂ ಆಗದ ಮಾತಲ್ಲ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಈಜಿಪ್ಟಿನ ಒಂದು ಜೊತೆ ಕೆಂಪು ಉಣ್ಣೆ ಕಾಲುಚೀಲ ಇದೆ. 1,600 ವರ್ಷಕ್ಕೂ ಹಿಂದಿನದು. ಚಪ್ಪಲಿ ಜೊತೆ ಹಾಕೋಕೆ ಅಂತಲೇ ಹೆಬ್ಬೆರಳು ಬೇರೆ, ಉಳಿದ ಬೆರಳು ಬೇರೆ ಮಾಡಿ, ಒಂದೇ ಸೂಜಿಯಲ್ಲಿ ಮಾಡಿದ್ದು. ಅದರ ಫೋಟೋ ತೋರಿಸಿದಾಗ ಅಪ್ಪ ಮೊಬೈಲನ್ನು ಹತ್ತಿರ ಹಿಡಿದು ಹಿಮ್ಮಡಿಯನ್ನು ಬಹಳ ಹೊತ್ತು ನೋಡಿದರು.

ಫೆಬ್ರವರಿ ಮೊದಲ ವಾರ, ರೊಬಸ್ಟಾ ಕುಯ್ಲಿನ ನಡುವೆ, ಬಲಗಾಲಿನ ಚೀಲ ಹೆಬ್ಬೆರಳ ಬುಡದಲ್ಲಿ ತೆಳ್ಳಗಾಗಿದ್ದು ಕಂಡಿತು. ಒಳಗೆ ಕೈ ಹಾಕಿ ಬೆಳಕಿಗೆ ಹಿಡಿದರೆ ನೈಲಾನ್ ಎಳೆ ಮಾತ್ರ ಉಳಿದ ಹಾಗಿತ್ತು. ತೂತು ಬಿದ್ದಿರಲಿಲ್ಲ. ತೂತಾಗೋ ಮುಂಚೆಯೇ ಕೈ ಹಾಕಿದರೆ ಕೆಲಸ ಸುಲಭ. ಚೀಲದೊಳಗೆ ಒಂದು ದುಂಡು ಸೋರೆಬುರುಡೆ ತೂರಿಸಿ ಬಟ್ಟೆಯನ್ನು ಬಿಗಿ ಮಾಡಿಕೊಂಡೆ. ಉಳಿದ 24 ಗ್ರಾಂ ಉಂಡೆಯಿಂದ ನೂಲು ತೆಗೆದು ಮೊಂಡು ಸೂಜಿಗೆ ಪೋಣಿಸಿದೆ. ಸವೆದ ಜಾಗಕ್ಕಿಂತ ಎರಡು ಕುಣಿಕೆ ಆಚೆಯಿಂದ, ಗಟ್ಟಿ ಇದ್ದ ಕಡೆಯಿಂದ ಶುರು. ಕುಣಿಕೆಯ ಬುಡದಲ್ಲಿ ಸೂಜಿ ಮೇಲೆ ತಂದು, ಮೇಲಿನ ಕುಣಿಕೆಯ ಎರಡು ಕಾಲಿನ ಹಿಂದೆ ಹಾಯಿಸಿ, ಮತ್ತೆ ಅದೇ ಬುಡಕ್ಕೆ ಇಳಿಸೋದು. ಹಳೇ ನೂಲು ಹೋದ ದಾರಿಯಲ್ಲೇ ಹೊಸ ನೂಲು. ಹನ್ನೆರಡು ಕುಣಿಕೆ ಅಗಲ, ಹದಿನಾಲ್ಕು ಸಾಲು. ಒಂದು ಗಂಟೆ ಹಿಡಿಯಿತು. ಅಪ್ಪ ಮರುದಿನ ಬೆಳಗ್ಗೆ ಆರಕ್ಕೆ ಅದನ್ನೇ ಹಾಕಿಕೊಂಡು ಹೋದರು.